ಅಂಗೈ ಅಗಲದ ಆಕಾಶನೌಕೆ

ಆಟಿಕೆಗಳಲ್ಲಿ ಕೆಲವು ಮಗುವಿನ ಕೈಯಲ್ಲಿ ಸವೆಯಲೆಂದೇ ಹುಟ್ಟಿದವು. ಬುಗುರಿ, ಗೋಲಿ, ಚಿನ್ನಿದಾಂಡು ಈ ಜಾತಿಯವು. ಇನ್ನು ಕೆಲವು ಕಪಾಟಿನ ಗಾಜಿನ ಹಿಂದೆ ನಿಂತು ನೋಡುವವರ ಕಣ್ಣನ್ನು ತಣಿಸುವಂಥವು. ಮಗುವಿನ ಪಾಲಿಗೆ ಅವು ಕನ್ನಡಿಯೊಳಗಿನ ಗಂಟು. ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟುವ ಆಕಾಶನೌಕೆ ಈ ಎರಡೂ ಮನೆಗಳಿಗೆ ಬೇಕಾದ ನೆಂಟ. ಮಗು ಅದನ್ನು ಹಿಡಿದು ಮನೆಯೆಲ್ಲ ಹಾರಿಸಬಹುದು. ಹಿರಿಯರು ಮೇಜಿನ ಮೇಲಿಟ್ಟು ನೋಡುತ್ತ ಕೂರಬಹುದು. ಹಾಗಾದರೆ ನೂರು ಇನ್ನೂರು ತುಂಡುಗಳ ಒಂದು ಸಣ್ಣ ನೌಕೆಯನ್ನು ಕೈಗೆತ್ತಿಕೊಂಡು, ಇದು ಒಳ್ಳೆಯದು, ಇದು ಸಾಧಾರಣ ಎಂದು ತೂಗಿ ನೋಡುವುದು ಹೇಗೆ?

ಅದಕ್ಕೆ ಮೊದಲು ಇಟ್ಟಿಗೆಯ ಗುಣವನ್ನು ಅರಿಯಬೇಕು. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿಯಿದ್ದನು. 1932ರಲ್ಲಿ ಆತ ಮರದ ಆಟಿಕೆಗಳನ್ನು ಮಾಡತೊಡಗಿದನು. ಡ್ಯಾನಿಷ್ ಭಾಷೆಯಲ್ಲಿ 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ, 1934ರಲ್ಲಿ ತನ್ನ ಉದ್ಯಮಕ್ಕೆ 'ಲೆಗೋ' ಎಂಬ ಹೆಸರನ್ನಿಟ್ಟನು. 1949ರಲ್ಲಿ ಅಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳು ತಯಾರಾದವು. ಆದರೆ ಅವುಗಳ ಒಡಲು ಪೊಳ್ಳು. ಜೋಡಿಸಿದರೆ ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದವನು ಓಲೆಯ ಮಗ ಗಾಡ್‌ಫ್ರೆಡ್. ಇಟ್ಟಿಗೆಯ ಒಡಲಿನಲ್ಲಿ ಕೊಳವೆಗಳನ್ನು ಅಳವಡಿಸಿ, 1958ರ ಜನವರಿ 28ರಂದು ಆತ ಅದರ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದನು. ಕೆಳಗಿನ ಇಟ್ಟಿಗೆಯ ನೆತ್ತಿಯ ಮೇಲಿನ ದುಂಡನೆಯ ಉಬ್ಬು, ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಂಡು ಒತ್ತಿ ಹಿಡಿಯಲ್ಪಡುತ್ತದೆ. ಅಂಟಿಲ್ಲ, ಮೊಳೆಯಿಲ್ಲ; ಆದರೂ ಬಿಗಿ. ಬೇಕೆಂದಾಗ ಮಗುವಿನ ಬೆರಳಿಗೂ ಬಿಡಿಸಲು ಬರುವಷ್ಟು ಮಾತ್ರ ಬಿಗಿ. ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಗೂ ಹೊಂದಿಕೊಳ್ಳುತ್ತದೆ.

1978ರಲ್ಲಿ ಕೈಕಾಲು ಆಡಿಸಬಲ್ಲ ಪುಟ್ಟ ಮನುಷ್ಯಾಕೃತಿಗಳೂ ಅವುಗಳೊಡನೆ ಆಕಾಶಯಾನದ ಆಟಿಕೆಗಳೂ ಬಂದವು. ಮೊದಲ ವರ್ಷಗಳ ಆ ಲೋಕದಲ್ಲಿ ವೈರಿಗಳ ಪಂಗಡವೆಂಬುದೇ ಇರಲಿಲ್ಲ. ಕೆಂಪು ಉಡುಪಿನವನೂ ಬಿಳಿಯ ಉಡುಪಿನವನೂ ಒಂದೇ ನೌಕೆಯ ಅನ್ವೇಷಕರು. ಇದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 1979ರ ಮೂರು ನೌಕೆಗಳು ಇಂದಿಗೂ ಹೆಸರುವಾಸಿ: 918, 924 ಮತ್ತು 928 ಎಂಬ ಸಂಖ್ಯೆಯವು. ಮೊದಲನೆಯದು ಒಬ್ಬನೇ ಯಾತ್ರಿಯ ಕಿರುನೌಕೆ. ಕೊನೆಯದು 338 ತುಂಡುಗಳ 'ಗ್ಯಾಲಕ್ಸಿ ಎಕ್ಸ್‌ಪ್ಲೋರರ್'. ನೀಲಿ ಮತ್ತು ಬೂದು ಮೈ, ಹಳದಿ ಬಣ್ಣದ ಪಾರದರ್ಶಕ ಕಿಟಕಿ. ಹಿಂಬದಿಯ ಬಾಗಿಲು ತೆರೆದರೆ ಒಳಗೊಂದು ಪುಟ್ಟ ಗಾಡಿ.

ಆಟದ ನೌಕೆಯನ್ನು ಪರೀಕ್ಷಿಸುವ ಅಧಿಕಾರ ಮೊದಲು ಕೈಯದು. ನೌಕೆಯ ಹೊಟ್ಟೆಯನ್ನು ಒಂದೇ ಕೈಯಲ್ಲಿ ಹಿಡಿದು, ಗಾಳಿಯಲ್ಲಿ ರಭಸವಾಗಿ ಬೀಸಿ, ನೆಲಕ್ಕಿಳಿಸಬೇಕು. ರೆಕ್ಕೆ ಕಳಚಿತೇ? ಮೂತಿ ಜೋತುಬಿದ್ದಿತೇ? ಕಳಚುವ ಕಾರಣ ಸಾಮಾನ್ಯವಾಗಿ ಒಂದೇ. ಉದ್ದನೆಯ ರೆಕ್ಕೆ ಒಡಲಿಗೆ ಎರಡೇ ಉಬ್ಬುಗಳ ಆಸರೆಯಿಂದ ಅಂಟಿಕೊಂಡಿದ್ದರೆ, ತುದಿಯನ್ನು ಬೆರಳು ಸೋಕಿದರೂ ಅದು ಸನ್ನೆಕೋಲಿನಂತೆ ಬುಡವನ್ನು ಮೀಟಿಬಿಡುತ್ತದೆ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಇಟ್ಟಿಗೆಯ ನಡುಭಾಗ ಬರುವಂತೆ ಇಡುವುದನ್ನು ನೀವು ನೋಡಿರಬಹುದು. ಒಳ್ಳೆಯ ಕಿರುನೌಕೆಯಲ್ಲಿಯೂ ಇದೇ ನ್ಯಾಯ. ಒಂದು ಉದ್ದನೆಯ ತೆಳುಹಲಗೆ ಎಡರೆಕ್ಕೆಯಿಂದ ಬಲರೆಕ್ಕೆಯವರೆಗೆ ಒಡಲನ್ನು ಹಾದುಹೋಗಿರುತ್ತದೆ. ಇದಿಷ್ಟಿದ್ದರೆ ಸಾಲದು. ಯಾತ್ರಿಯನ್ನು ಕೂರಿಸಿ ಇಳಿಸಲು ಎಡೆಯಿರಬೇಕು. ಒಂದು ಬಾಗಿಲಾದರೂ ಕೀಲಿನ ಮೇಲೆ ತೆರೆಯಬೇಕು. ಏನನ್ನೂ ಒಯ್ಯಲಾರದ, ಯಾರನ್ನೂ ಕೂರಿಸಿಕೊಳ್ಳಲಾರದ ನೌಕೆಗೆ ಎಲ್ಲಿಗೆ ಹೋಗುವ ಪ್ರಯೋಜನ?

ಪ್ರದರ್ಶನದ ನೌಕೆಯ ಕತೆ ಬೇರೆ. ಅಲ್ಲಿ ಕಣ್ಣೇ ನ್ಯಾಯಾಧೀಶ. ಮೈ ನಯವಾಗಿರಬೇಕು, ಉಬ್ಬುಗಳು ಕಾಣಬಾರದು, ಬಣ್ಣಗಳಲ್ಲಿ ಸಂಯಮವಿರಬೇಕು. ಇದಕ್ಕಾಗಿ ಕುಶಲಿಗಳು ಇಟ್ಟಿಗೆಗಳನ್ನು ಪಕ್ಕಕ್ಕೆ ತಿರುಗಿಸಿ ಕಟ್ಟುತ್ತಾರೆ. ಇದರ ಹಿಂದೆ ಸೊಗಸಾದ ಒಂದು ಲೆಕ್ಕವಿದೆ. ಎರಡು ಉಬ್ಬುಗಳ ನಡುವಣ ಅಂತರ 8 ಮಿಲಿಮೀಟರ್. ತೆಳುಹಲಗೆಯ ದಪ್ಪ 3.2 ಮಿಲಿಮೀಟರ್. ಐದು ಹಲಗೆಗಳನ್ನು ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಉಬ್ಬುಗಳ ಅಗಲ. ಆದುದರಿಂದಲೇ ಅಡ್ಡವಾಗಿ ಕಟ್ಟಿದ ಭಾಗ ನೆಟ್ಟಗೆ ಕಟ್ಟಿದ ಭಾಗಕ್ಕೆ ಕೂದಲೆಳೆಯ ಸಂದೂ ಇಲ್ಲದೆ ಕೂಡಿಕೊಳ್ಳುತ್ತದೆ. 2017ರಲ್ಲಿ ಬಂದ, 7541 ತುಂಡುಗಳ 'ಮಿಲೇನಿಯಮ್ ಫಾಲ್ಕನ್' ಎಂಬ ನೌಕೆಯನ್ನು ಈ ದೃಷ್ಟಿಯಿಂದಲೇ ನೋಡಬೇಕು. ಅದನ್ನು ಒಂದು ಕೈಯಲ್ಲಿ ಹಿಡಿದು ಹಾರಿಸುವ ಮಗು ಇನ್ನೂ ಹುಟ್ಟಬೇಕಷ್ಟೆ!

ಕೊಳ್ಳುವವರು ಬೆಲೆಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿ, ಒಂದು ತುಂಡಿಗೆ ಇಷ್ಟು ಬಿದ್ದಿತು ಎಂದು ಲೆಕ್ಕ ಹಾಕುವುದುಂಟು. ಕಡಲೆಯಷ್ಟು ತುಂಡೂ ಒಂದೇ, ಅಂಗೈ ಉದ್ದದ ಹಲಗೆಯೂ ಒಂದೇ ಎಂದು ಎಣಿಸುವ ಈ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಅದಕ್ಕಿಂತ, ಬಿಚ್ಚಿದ ಮೇಲೆ ಈ ತುಂಡುಗಳು ಮತ್ತೇನಾಗಬಲ್ಲವು ಎಂದು ಕೇಳುವುದು ಮೇಲು. 2023ರಲ್ಲಿ ಬಂದ 144 ತುಂಡುಗಳ ಒಂದು ಆಕಾಶನೌಕೆಯ ಪೆಟ್ಟಿಗೆಯಲ್ಲಿ ಮೂರು ರೂಪಗಳ ಕಟ್ಟೋಣವಿದೆ. ಅದೇ ತುಂಡುಗಳಿಂದ ಗಗನಯಾತ್ರಿಯನ್ನೂ ಮತ್ತೊಂದು ಬಗೆಯ ನೌಕೆಯನ್ನೂ ಮಾಡಬಹುದು. ಇಂಥ ಪೆಟ್ಟಿಗೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಎಂಟು ಉಬ್ಬುಗಳ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ವಿಧಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿ ತೋರಿಸಿದ್ದಾರೆ. ಆರಕ್ಕೇ ಇಷ್ಟಾದರೆ 144ಕ್ಕೆ ಎಷ್ಟೆಂದು ಊಹಿಸಿಕೊಳ್ಳಿ. ಅಂಟುಚೀಟಿಗಳ ಬಗ್ಗೆ ನನಗೆ ಒಲವಿಲ್ಲದಿರುವುದೂ ಈ ಕಾರಣಕ್ಕೇ. ಎರಡು ಇಟ್ಟಿಗೆಗಳ ಮೇಲೆ ಹಾಯ್ದು ಅಂಟಿಸಿದ ಚೀಟಿ ಅವೆರಡನ್ನೂ ಬಂಧಿಸಿಬಿಡುತ್ತದೆ. ಇಟ್ಟಿಗೆಯ ಮೇಲೆಯೇ ಅಚ್ಚೊತ್ತಿದ ಗುರುತಿಗೆ ಆ ದೋಷವಿಲ್ಲ.

ಒಂದೇ ನೌಕೆ ಕೈಯನ್ನೂ ಕಣ್ಣನ್ನೂ ಒಲಿಸಬಲ್ಲುದೇ? 2022ರಲ್ಲಿ ಸಂಸ್ಥೆಗೆ ತೊಂಬತ್ತು ವರ್ಷ ತುಂಬಿದಾಗ 928ನೆಯ ನೌಕೆಯನ್ನು 1254 ತುಂಡುಗಳಲ್ಲಿ ಹಿಗ್ಗಿಸಿ ಮತ್ತೆ ಹೊರತಂದರು. ಮಡಚಬಲ್ಲ ಕಾಲುಗಳು, ನಯವಾದ ಮೈ. ಅದೇ ತುಂಡುಗಳಿಂದ ಹಳೆಯ 918 ಮತ್ತು 924ನೆಯ ನೌಕೆಗಳನ್ನೂ ಕಟ್ಟಬಹುದು. ಕಪಾಟಿನಲ್ಲಿಟ್ಟರೆ ಅದು ಶೋಭಿಸುತ್ತದೆ. ಆದರೆ ಹತ್ತು ವರ್ಷದ ಹುಡುಗಿಯ ಕೈಗೆ ಅದು ಭಾರವೇ. ಆಕೆಗೆ ಆ ಒಬ್ಬನೇ ಯಾತ್ರಿಯ ಕಿರುನೌಕೆ ಸಾಕು.

ಆ ಕಾಲದ ಯಾತ್ರಿಗಳ ಶಿರಸ್ತ್ರಾಣದಲ್ಲಿ ಗಲ್ಲದ ಪಟ್ಟಿ ತೆಳುವಾಗಿತ್ತು; ಆಡಿ ಆಡಿ ಅದು ಸೀಳುತ್ತಿತ್ತು. ಎದೆಯ ಮೇಲಿನ ಗ್ರಹದ ಚಿತ್ರವೂ ಬೆರಳುಗಳ ಉಜ್ಜುವಿಕೆಯಿಂದ ಮಾಸುತ್ತಿತ್ತು. 2014ರಲ್ಲಿ ತೆರೆಕಂಡ 'ದಿ ಲೆಗೋ ಮೂವಿ' ಚಲನಚಿತ್ರದಲ್ಲಿ ಬೆನ್ನಿ ಎಂಬ ನೀಲಿ ಉಡುಪಿನ ಯಾತ್ರಿಯೊಬ್ಬನಿದ್ದಾನೆ. ಅವನ ಶಿರಸ್ತ್ರಾಣ ಗಲ್ಲದ ಬಳಿ ಮುರಿದಿದೆ. ಎದೆಯ ಚಿತ್ರ ಅರ್ಧ ಅಳಿಸಿದೆ. ಅವನನ್ನು ಆಟಿಕೆಯಾಗಿ ಮಾರಾಟಕ್ಕೆ ತಂದಾಗ ಕಾರ್ಖಾನೆಯವರು ಆ ಮುರುಕನ್ನು ಸರಿಪಡಿಸಲಿಲ್ಲ. ಹೊಚ್ಚ ಹೊಸ ಶಿರಸ್ತ್ರಾಣದ ಅಚ್ಚಿನಲ್ಲಿಯೇ ಅದನ್ನು ಮೂಡಿಸಿದರು.