ಗಂಟು ಬಿಚ್ಚುವ ಮುನ್ನ ಒಳಗೇನಿದೆ ನೋಡಿ

2017ರ ಜನವರಿ 31ರ ರಾತ್ರಿ. ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಡೇಟಾಬೇಸ್ ಫೋಲ್ಡರನ್ನು ಅಳಿಸುವ ಕಮಾಂಡ್ ಕೊಟ್ಟರು. ಎರಡನೇ ಸರ್ವರ್‌ನಲ್ಲಿ ಕೊಡಬೇಕಿದ್ದ ಅದು ಮುಖ್ಯ ಸರ್ವರ್‌ನಲ್ಲಿ ಓಡಿತು. ಒಂದೆರಡು ಸೆಕೆಂಡಿನಲ್ಲೇ ತಪ್ಪು ಹೊಳೆದು ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ.

ಹೇಗೂ ದಿನಾ ಬ್ಯಾಕಪ್ ಆಗುತ್ತಿದೆಯಲ್ಲ ಎಂದು ತೆಗೆದು ನೋಡಿದರೆ, ಅದನ್ನು ಇಡಬೇಕಿದ್ದ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುತ್ತಿದ್ದ ಸಾಧನ 9.2ರದು, ಎರಡಕ್ಕೂ ಹೊಂದಿಕೆಯಾಗದೆ ಬ್ಯಾಕಪ್ ಪ್ರತಿಸಲವೂ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇ-ಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ. ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿದ್ದು ಆ ಕಂಪನಿಯ ದೊಡ್ಡತನ.

ಬ್ಯಾಕಪ್ ಜಾಗದಲ್ಲಿ ಏನೇನಿದೆ ಎಂದು ಪಟ್ಟಿ ತೋರಿಸುವ ಒಂದು ಸಾಲಿನ ಕಮಾಂಡನ್ನು ಯಾರಾದರೂ ಆಗಾಗ ಕೊಟ್ಟಿದ್ದರೆ ಈ ಸ್ಥಿತಿ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ಅಂಥ ಕಮಾಂಡೇನೂ ಹೊಸದಲ್ಲ. ಅದು ಹೆಚ್ಚುಕಡಿಮೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಷ್ಟೇ ಹಳೆಯದು.

1971ರ ನವೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧವಾದ ಯೂನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ‘ಟ್ಯಾಪ್’ ಎಂಬ ಕಮಾಂಡ್ ಇದೆ. ಡಿಸ್ಕಿನ ಫೈಲ್‌ಗಳನ್ನು ಡೆಕ್‌ಟೇಪ್ ಎಂಬ ಸಣ್ಣ ಟೇಪಿಗೆ ಹಾಕಿ ಮತ್ತೆ ತೆಗೆಯುವುದು ಅದರ ಕೆಲಸ. ಒಂದೊಂದು ಕೆಲಸಕ್ಕೆ ಒಂದೊಂದು ಅಕ್ಷರ: ಹೊರತೆಗೆಯಲು ‘ಎಕ್ಸ್’, ಪರಿವಿಡಿ ತೋರಿಸಲು ‘ಟಿ’. ಐದು ದಶಕ ದಾಟಿದರೂ ಈ ಎರಡು ಅಕ್ಷರಗಳ ಅರ್ಥ ಬದಲಾಗಿಲ್ಲ.

ಟ್ಯಾಪ್ ಮತ್ತು ಅದರ ನಂತರದ ‘ಟಿಪಿ’ ಪರಿವಿಡಿಯನ್ನು ಪುಸ್ತಕದಲ್ಲಿರುವಂತೆ ಟೇಪಿನ ಮೊದಲಲ್ಲೇ ಬರೆಯುತ್ತಿದ್ದವು. ಪಟ್ಟಿ ಬೇಗ ಸಿಗುತ್ತಿತ್ತು, ನಿಜ. ಆದರೆ ಡೆಕ್‌ಟೇಪಿನ ಪರಿವಿಡಿಯಲ್ಲಿದ್ದದ್ದು 192 ಹೆಸರುಗಳಿಗಷ್ಟೇ ಜಾಗ. 1979ರ ಜನವರಿಯಲ್ಲಿ ಯೂನಿಕ್ಸ್‌ನ ಏಳನೇ ಆವೃತ್ತಿಯೊಂದಿಗೆ ಬಂದ ‘ಟಾರ್’ ಈ ಕಟ್ಟನ್ನು ಬಿಡಿಸಿತು. ಅದರಲ್ಲಿ ಪರಿವಿಡಿಯೇ ಇಲ್ಲ. ಪ್ರತಿ ಫೈಲಿನ ಮುಂದೆ 512 ಬೈಟ್‌ಗಳ ಒಂದು ಚೀಟಿ. ಅದರ ಮೇಲೆ ಹೆಸರು, ಗಾತ್ರ, ದಿನಾಂಕ, ಒಡೆಯನ ಸಂಖ್ಯೆ. ಚೀಟಿಯ ಹಿಂದೆ ಫೈಲು, ಅದರ ಹಿಂದೆ ಮುಂದಿನ ಚೀಟಿ. ಟೇಪು ಇರುವಷ್ಟು ಉದ್ದಕ್ಕೂ ಸೇರಿಸುತ್ತಾ ಹೋಗಬಹುದು.

ಇದಕ್ಕೊಂದು ಬೆಲೆಯಿದೆ. ಟಾರ್ ಕಡತದ ಪಟ್ಟಿ ಬೇಕೆಂದರೆ ಮೊದಲಿಂದ ಕೊನೆಯವರೆಗೆ ಚೀಟಿಗಳನ್ನು ಒಂದೊಂದಾಗಿ ಓದಬೇಕು. ಕ್ಯಾಸೆಟ್ಟಿನಲ್ಲಿ ಹಾಡು ಹುಡುಕಿದಂತೆ. ಒಂದೇ ಹೆಸರಿನ ಫೈಲು ಎರಡು ಸಲ ಸೇರಿದ್ದರೆ ಪಟ್ಟಿಯಲ್ಲೂ ಎರಡು ಸಲ ಕಾಣುತ್ತದೆ. ಎಲ್ಲವನ್ನೂ ಬಿಚ್ಚಿದಾಗ ಉಳಿಯುವುದು ಕೊನೆಗೆ ಸೇರಿದ್ದು. ಬಿಚ್ಚುವಾಗ ಡಿಸ್ಕಿನಲ್ಲಿರುವ ಇಂದಿನ ಫೈಲಿನ ಮೇಲೆ ಹಳೆಯದು ಕೂತುಬಿಡುವ ಅಪಾಯವೂ ಉಂಟು. ಅದಕ್ಕೇ ಅನುಭವಸ್ಥರು ಮೊದಲು ‘ಟಾರ್ ಟಿವಿಎಫ್’ ಎಂದು ಪಟ್ಟಿ ನೋಡುತ್ತಾರೆ, ಆಮೇಲೆ ‘ಟಾರ್ ಎಕ್ಸ್‌ವಿಎಫ್’ ಎಂದು ಬಿಚ್ಚುತ್ತಾರೆ. ಈ ಕ್ರಮವನ್ನು ಹೊಸಬರಿಗೆ ಮೊದಲ ದಿನವೇ ಕಲಿಸಬೇಕು.

ಇಡೀ ಡಿಸ್ಕನ್ನು ಕಾಯುತ್ತಿದ್ದದ್ದು ‘ಡಂಪ್’ ಎಂಬ ಇನ್ನೊಂದು ಕಮಾಂಡ್. ಅದು ಫೋಲ್ಡರುಗಳನ್ನೆಲ್ಲ ಮೊದಲು ಬರೆದು, ಫೈಲುಗಳನ್ನು ಆಮೇಲೆ ಬರೆಯುತ್ತಿತ್ತು. ಇದರ ಲಾಭ ಪಡೆದದ್ದು ಯೂನಿಕ್ಸ್‌ನ ಇನ್ನೊಂದು ರೂಪವಾದ, 1983ರ 4.2 ಬಿಎಸ್‌ಡಿಯಲ್ಲಿ ಬಂದ ‘ರಿಸ್ಟೋರ್’. ‘ಐ’ ಅಕ್ಷರ ಸೇರಿಸಿ ಕರೆದರೆ ಟೇಪಿನ ಮೊದಲ ಭಾಗ ಓದಿ, ಒಳಗಿರುವ ಫೋಲ್ಡರುಗಳಲ್ಲಿ ಬಳಕೆದಾರರನ್ನು ಓಡಾಡಲು ಬಿಡುತ್ತಿತ್ತು. ‘ಎಲ್‌ಎಸ್’ ಎಂದರೆ ಪಟ್ಟಿ, ‘ಸಿಡಿ’ ಎಂದರೆ ಒಳಗೆ ಹೋಗು, ‘ಆ್ಯಡ್’ ಎಂದರೆ ಇದು ಬೇಕೆಂದು ಗುರುತು, ‘ಎಕ್ಸ್‌ಟ್ರ್ಯಾಕ್ಟ್’ ಎಂದರೆ ಹೊರಗೆ ತೆಗೆ. ಕಳೆದುಹೋದ ಒಂದು ಪತ್ರಕ್ಕಾಗಿ ಇಡೀ ಡಿಸ್ಕನ್ನು ಮರಳಿ ತುಂಬಬೇಕಿಲ್ಲ. ಬ್ಯಾಕಪ್ ಎಂಬುದು ಕಟ್ಟಿಟ್ಟ ಮೂಟೆಯಲ್ಲ, ಒಳಗೆ ಹೋಗಿ ಬರಬಹುದಾದ ಮನೆ ಎಂಬ ಕಲ್ಪನೆ ಇಲ್ಲಿ ಸ್ಪಷ್ಟವಾಗಿ ಮೂಡಿತು.

ಅದನ್ನು ಅತ್ಯಂತ ಚೆಂದವಾಗಿ ಮುಂದುವರಿಸಿದ್ದು ಬೆಲ್ ಲ್ಯಾಬ್ಸ್‌ನದೇ ‘ಪ್ಲ್ಯಾನ್ 9’ ಎಂಬ ಆಪರೇಟಿಂಗ್ ಸಿಸ್ಟಂ. ಅಲ್ಲಿನ ಫೈಲ್ ಸರ್ವರ್ ದಿನಾ ಬೆಳಗಿನ ಜಾವ 5 ಗಂಟೆಗೆ ಇಡೀ ವ್ಯವಸ್ಥೆಯ ಪ್ರತಿಯನ್ನು ಅಳಿಸಲಾಗದ ಆಪ್ಟಿಕಲ್ ಡಿಸ್ಕುಗಳಿಗೆ ಇಳಿಸುತ್ತಿತ್ತು. ಒಂದೊಂದು ದಿನವೂ ಒಂದೊಂದು ಫೋಲ್ಡರ್. ಪಟ್ಟಿಗೆ ಮಾಮೂಲಿ ‘ಎಲ್‌ಎಸ್’, ಮರಳಿ ಪಡೆಯಲು ಮಾಮೂಲಿ ‘ಸಿಪಿ’. ಜೊತೆಗೆ ‘ಯೆಸ್ಟರ್‌ಡೇ’, ಅಂದರೆ ‘ನಿನ್ನೆ’ ಎಂಬ ಹೆಸರಿನದೇ ಒಂದು ಕಮಾಂಡ್! ಅದಕ್ಕೆ ಫೈಲಿನ ಹೆಸರು ಕೊಟ್ಟರೆ ಹಿಂದಿನ ಪ್ರತಿ ಎಲ್ಲಿದೆ ಎಂದು ಹೇಳುತ್ತಿತ್ತು.

ಆ್ಯಪಲ್ 2007ರಲ್ಲಿ ತಂದ ‘ಟೈಮ್ ಮಷಿನ್’ನಲ್ಲೂ ಬ್ಯಾಕಪ್‌ಗಳು ದಿನಾಂಕ ಹೊತ್ತ ಫೋಲ್ಡರುಗಳೇ. 2011ರಲ್ಲಿ ಅದಕ್ಕೆ ‘ಟಿಎಂಯುಟಿಲ್’ ಎಂಬ ಕಮಾಂಡ್ ಲೈನ್ ಸಾಧನವೂ ಸೇರಿತು: ‘ಲಿಸ್ಟ್‌ಬ್ಯಾಕಪ್ಸ್’ ಎಂದರೆ ಪಟ್ಟಿ, ‘ರಿಸ್ಟೋರ್’ ಎಂದರೆ ವಾಪಸು. ಇಂದು ಲಿನಕ್ಸ್ ಬಳಸುವವರ ‘ರೆಸ್ಟಿಕ್’, ‘ಬೋರ್ಗ್’ ಸಾಧನಗಳಲ್ಲೂ ಇದೇ ಜೋಡಿ.

ನಿಮ್ಮ ಕಂಪ್ಯೂಟರಿನಲ್ಲಿ ದಿನಾ ಬ್ಯಾಕಪ್ ಆಗುತ್ತಿದ್ದರೆ, ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಪಟ್ಟಿ ತೆಗೆದು ಕೊನೆಯ ದಿನಾಂಕ ಯಾವುದೆಂದು ನೋಡಿ. ಆಮೇಲೆ ಒಂದೇ ಒಂದು ಫೈಲನ್ನು ಬೇರೆ ಫೋಲ್ಡರಿಗೆ ಮರಳಿ ತೆಗೆದು, ತೆರೆದು ಓದಿ.