ಟ್ಯಾಗಿನ ಮರ, ಲಿಸ್ಪಿನ ಪಟ್ಟಿ

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಅಮೆರಿಕದ ಆನ್ಸಿ ಮಾನಕ ಸಿಕ್ಕಿದ್ದು 1994ರಲ್ಲಿ. ಮಾಹಿತಿಗೆ ಟ್ಯಾಗು ಹಚ್ಚಿ ಬರೆಯುವ ಎಕ್ಸ್‌ಎಂಎಲ್ ಮಾನ್ಯವಾದದ್ದು 1998ರ ಫೆಬ್ರುವರಿಯಲ್ಲಿ. ಮೊದಲು ಬಂದ ಮಾನಕದಲ್ಲಿ ಆಮೇಲೆ ಬಂದದ್ದಕ್ಕೆ ಜಾಗ ಎಲ್ಲಿಂದ ಬರಬೇಕು? ಎಕ್ಸ್‌ಎಂಎಲ್ ಓದಿ ಬಿಡಿಸುವ ಪಾರ್ಸರ್ ಬೇಕೆಂದವರು ತಾವೇ ಬರೆದುಕೊಂಡರು.

ಬರೆಯುವುದು ಸಲೀಸು ಎಂದೂ ಅನಿಸಿರಬೇಕು. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಆರಂಭಿಸಿದ ಲಿಸ್ಪ್‌ನಲ್ಲಿ ಆವರಣದೊಳಗೆ ಪಟ್ಟಿ, ಪಟ್ಟಿಯೊಳಗೆ ಮತ್ತೊಂದು ಪಟ್ಟಿ. ಎಕ್ಸ್‌ಎಂಎಲ್‌ನದೂ ಟ್ಯಾಗಿನೊಳಗೆ ಟ್ಯಾಗು, ಕವಲೊಡೆದ ಮರದಂತೆ. ನಂಟು ಇನ್ನೂ ಹಳೆಯದು: ಎಕ್ಸ್‌ಎಂಎಲ್‌ನ ಪೂರ್ವಜ ಎಸ್‌ಜಿಎಂಎಲ್ ಕಡತಗಳಿಗೆ ಪುಟದ ರೂಪ ಕೊಡಲು 1996ರಲ್ಲಿ ಬಂದ ಡಿಎಸ್‌ಎಸ್‌ಎಸ್‌ಎಲ್, ಲಿಸ್ಪ್ ಕುಟುಂಬದ ಸ್ಕೀಮ್ ಭಾಷೆಯ ಮೇಲೆ ನಿಂತಿತ್ತು. ಅದಕ್ಕಾಗಿ ಜೇಡ್ ಎಂಬ ತಂತ್ರಾಂಶ ಬರೆದ ಜೇಮ್ಸ್ ಕ್ಲಾರ್ಕ್, ಎಕ್ಸ್‌ಎಂಎಲ್ ರೂಪಿಸಿದ ತಂಡದಲ್ಲೂ ತಾಂತ್ರಿಕ ಮುಂದಾಳು.

ತೊಡಕು ಶುರುವಾಗುವುದು ಮರವನ್ನು ಪಟ್ಟಿಗೆ ಇಳಿಸಲು ಕೂತಾಗ. ಟ್ಯಾಗಿನೊಳಗೇ ಬರೆಯುವ ಗುಣವಿವರಗಳನ್ನು, ಅಂದರೆ ಅಟ್ರಿಬ್ಯೂಟ್‌ಗಳನ್ನು, ಎಲ್ಲಿಡುವುದು? ಎರಡು ಟ್ಯಾಗುಗಳ ನಡುವಿನ ಖಾಲಿ ಜಾಗ ಪಠ್ಯವೋ, ಬರೀ ಅಲಂಕಾರವೋ? ಹೆಸರು ಯಾವ ಗುಂಪಿನದೆಂದು ಹೇಳುವ ನೇಮ್‌ಸ್ಪೇಸ್ ಸೇರಿದರಂತೂ ಹೆಸರು ಒಂದೇ ಇದ್ದರೂ ಅರ್ಥ ಬೇರೆ. ಸ್ಕೀಮ್ ಬಳಗದ ಒಲೆಗ್ ಕಿಸೆಲ್ಯೋವ್ ಇದಕ್ಕೆ ಎಸ್‌ಎಕ್ಸ್‌ಎಂಎಲ್ ಎಂಬ ಕ್ರಮ ಕೊಟ್ಟರು. ಅಲ್ಲಿ ಅಟ್ರಿಬ್ಯೂಟ್‌ಗಳೆಲ್ಲ '@' ಗುರುತಿನಿಂದ ಶುರುವಾಗುವ ಪ್ರತ್ಯೇಕ ಪಟ್ಟಿಗೆ ಹೋಗುತ್ತವೆ. ಅವರ ಎಸ್‌ಎಸ್‌ಎಎಕ್ಸ್ ಪಾರ್ಸರಿನಲ್ಲಿ ಇಡೀ ಮರ ಕಟ್ಟಲೇಬೇಕೆಂಬ ಬಲವಂತವಿಲ್ಲ: ಓದುತ್ತಾ ಹೋದಂತೆ ಏನನ್ನು ಉಳಿಸಿಕೊಳ್ಳಬೇಕೆಂದು ಬಳಸುವವರೇ ಹೇಳುತ್ತಾರೆ. ಈ ಕತೆಯಲ್ಲಿ ನನಗೆ ಹೆಚ್ಚು ಹಿಡಿಸುವ ಆಲೋಚನೆ ಇದೇ.

ಕಾಮನ್ ಲಿಸ್ಪ್‌ನ ಸಿಎಕ್ಸ್‌ಎಂಎಲ್ ಹುಟ್ಟಿದ ಮನೆಯೇ ಬೇರೆ. ಗಿಲ್ಬರ್ಟ್ ಬೌಮನ್ ಲಿಸ್ಪ್‌ನಲ್ಲೇ ಕ್ಲೋಷರ್ ಎಂಬ ಬ್ರೌಸರ್ ಬರೆದರು (ಅಂಥ ಸಾಹಸಕ್ಕೆ ಕೈ ಹಾಕುವವರೂ ಇದ್ದಾರೆ!). ಅದರ ಪಾರ್ಸರ್ ಬಿಡಿಯಾಗಿ, ಡೇವಿಡ್ ಲಿಖ್ಟೆಬ್ಲಾವ್ ಕೈಯಲ್ಲಿ ದೊಡ್ಡದಾಗಿ ಸಿಎಕ್ಸ್‌ಎಂಎಲ್ ಆಯಿತು. ಅದು ಕಡತವನ್ನು ಅದರ ರಚನೆಯ ನಿಯಮ ಹೇಳುವ ಡಿಟಿಡಿಗೆ ತಾಳೆ ನೋಡುತ್ತದೆ, ನೇಮ್‌ಸ್ಪೇಸ್ ಬಲ್ಲದು. ಅದರ ಕ್ಲ್ಯಾಕ್ಸ್ ಭಾಗ ಭಾರಿ ಕಡತವನ್ನು ತುಣುಕು ತುಣುಕಾಗಿ ಎಳೆದು ಕೊಡುತ್ತದೆ. ಇನ್ನೊಂದು ತುದಿಯಲ್ಲಿ ಎಕ್ಸ್‌ಎಂಎಲ್‌ಎಸ್ ಎಂಬ ಪಾರ್ಸರ್: ಪುಟ್ಟದು, ತಾಳೆ ನೋಡುವ ಗೋಜಿಗೆ ಹೋಗುವುದಿಲ್ಲ.

ನಾವೇ ಬರೆದ ಸೆಟ್ಟಿಂಗ್ಸ್ ಕಡತಕ್ಕೆ ಎಕ್ಸ್‌ಎಂಎಲ್‌ಎಸ್ ಧಾರಾಳ ಸಾಕು. ಪರರಿಂದ ಬಂದ ಕಡತಕ್ಕೆ ಸಿಎಕ್ಸ್‌ಎಂಎಲ್ ವಾಸಿ. ಈಚಿನ ಪ್ಲಂಪ್ ಎಂಬ ಪಾರ್ಸರ್ ತಪ್ಪುಗಳನ್ನು ಸಹಿಸಿಕೊಂಡು ಓದುತ್ತದೆ. ಹರಕುಮುರುಕು ವೆಬ್ ಪುಟಕ್ಕೆ ಹೇಳಿಮಾಡಿಸಿದ್ದು. ಆದರೆ ರಚನೆ ಕೆಟ್ಟ ಕಡತವನ್ನು ಎಂದಿನಂತೆ ಓದುತ್ತಾ ಹೋಗಕೂಡದೆಂದು ಎಕ್ಸ್‌ಎಂಎಲ್ ನಿಯಮವೇ ಹೇಳುತ್ತದೆ. ಹಣದ ಲೆಕ್ಕ ಹೊತ್ತು ಬಂದ ಕಡತದ ಮುಂದೆ ಪ್ಲಂಪ್‌ನ ಆ ಉದಾರತೆ ನನಗೆ ಬೇಡ.