ನೋವಿನ ಗುಳಿಗೆಯೂ ಇತರ ಔಷಧಗಳೂ: ಚರಿತ್ರೆಯ ಒಂದು ಪಾಠ

ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆಯುವ ಔಷಧವು ನಿರಪಾಯಕರವೆಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಆದರೆ ಒಂಟಿಯಾಗಿ ಸೇವಿಸಿದಾಗ ಹೆಚ್ಚಿನ ಕೆಡುಕನ್ನುಂಟುಮಾಡದ ಗುಳಿಗೆಯು ಮತ್ತೊಂದು ಔಷಧದೊಡನೆ ಕೂಡಿದಾಗ ಪ್ರಾಣಾಪಾಯವನ್ನೂ ತರಬಲ್ಲುದು. ಆಸ್ಪಿರಿನ್ ಮತ್ತು ವಾರ್ಫರಿನ್‌ಗಳ ಚರಿತ್ರೆ ಇದಕ್ಕೆ ಸ್ಪಷ್ಟವಾದ ನಿದರ್ಶನ.

1897ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಶುದ್ಧರೂಪದಲ್ಲಿ ಸಿದ್ಧವಾದ ಔಷಧವೊಂದು 1899ರಲ್ಲಿ ಆಸ್ಪಿರಿನ್ ಎಂಬ ಹೆಸರನ್ನು ಪಡೆಯಿತು. ವಾರ್ಫರಿನ್ನಿನ ಮೂಲವಾದರೋ ದನದ ಕೊಟ್ಟಿಗೆಯಲ್ಲಿದೆ. 1920ರ ದಶಕದಲ್ಲಿ ಕೆನಡ ಮತ್ತು ಅಮೆರಿಕದ ಉತ್ತರ ಭಾಗಗಳಲ್ಲಿ, ಸ್ವೀಟ್ ಕ್ಲೋವರ್ ಎಂಬ ಮೇವನ್ನು ಬೂಷ್ಟು ಹಿಡಿದ ಸ್ಥಿತಿಯಲ್ಲಿ ತಿಂದ ದನಗಳು ರಕ್ತಸ್ರಾವದಿಂದ ಸತ್ತವು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಕಾರಣವಾದ ಡೈಕೌಮರಾಲ್ ಎಂಬ ವಸ್ತುವನ್ನು 1940ರ ವೇಳೆಗೆ ಗುರುತಿಸಿದರು. ಅದರ ಸಜಾತೀಯವಾದ ವಾರ್ಫರಿನ್, 1948ರಲ್ಲಿ ಇಲಿಪಾಷಾಣವಾಗಿ ಬಳಕೆಗೆ ಬಂದು, 1954ರಲ್ಲಿ ಅಮೆರಿಕದಲ್ಲಿ ಮಾನವ ಚಿಕಿತ್ಸೆಗೆ ಅಂಗೀಕೃತವಾಯಿತು.

ಗಾಯವಾದಾಗ ರಕ್ತಸ್ರಾವವನ್ನು ತಡೆಯುವ ಏರ್ಪಾಡುಗಳು ಮುಖ್ಯವಾಗಿ ಎರಡು. ಮೊದಲನೆಯದಾಗಿ, ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ರಂಧ್ರವನ್ನು ಮುಚ್ಚುತ್ತವೆ. ಎರಡನೆಯದಾಗಿ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳು ಆ ಮುಚ್ಚಳವನ್ನು ಭದ್ರಪಡಿಸುತ್ತವೆ. ಇವುಗಳಲ್ಲಿ ಕೆಲವು ಯಕೃತ್ತಿನಲ್ಲಿ ಸಿದ್ಧವಾಗಲು 'ಕೆ' ಜೀವಸತ್ತ್ವದ ನೆರವು ಅವಶ್ಯಕ. ವಾರ್ಫರಿನ್ ಎರಡನೆಯದನ್ನು ಕುಗ್ಗಿಸುತ್ತದೆ; ಆಸ್ಪಿರಿನ್ ಮೊದಲನೆಯದನ್ನು. ಅಷ್ಟೇ ಅಲ್ಲ, ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ನೋವನ್ನು ಹೆಚ್ಚಿಸುವ ಈ ವಸ್ತುಗಳೇ ಜಠರದ ಒಳಪೊರೆಯನ್ನು ಕಾಯುವವೂ ಆಗಿವೆ. ಆದುದರಿಂದ ಎರಡು ಔಷಧಗಳೂ ಕೂಡಿದಾಗ ಜಠರದಲ್ಲಿ ಹುಣ್ಣಾಗುವ ಸಂಭವ ಒಂದು ಕಡೆ, ಹರಿಯುವ ರಕ್ತ ನಿಲ್ಲದಿರುವ ಸಂಭವ ಇನ್ನೊಂದು ಕಡೆ.

ಎಲ್ಲ ಸಂಯೋಗಗಳೂ ಪರಿಣಾಮವನ್ನು ಹೆಚ್ಚಿಸುವುದಿಲ್ಲ. ಹೃದ್ರೋಗಿಗಳು ಪ್ರತಿದಿನವೂ ಸೇವಿಸುವ ಅಲ್ಪಪ್ರಮಾಣದ ಆಸ್ಪಿರಿನ್ನಿನ ಫಲವನ್ನು ಐಬುಪ್ರೊಫೆನ್ ಕುಂದಿಸಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲಿ ಎಚ್ಚರಿಸಿತು. ಆಸ್ಪಿರಿನ್ ನೆಲೆಗೊಳ್ಳಬೇಕಾದ ಸ್ಥಳವನ್ನು ಐಬುಪ್ರೊಫೆನ್ ಮೊದಲೇ ಆಕ್ರಮಿಸಿದರೆ, ಅದು ತೆರವಾಗುವಷ್ಟರಲ್ಲಿ ಆಸ್ಪಿರಿನ್ ರಕ್ತದಿಂದ ಮರೆಯಾಗಿರುತ್ತದೆ. ಜಠರಕ್ಕೆ ಸೌಮ್ಯವೆನಿಸಿದ ಪ್ಯಾರಾಸಿಟಮಾಲ್ ಕೂಡ, ಪೂರ್ಣಪ್ರಮಾಣದಲ್ಲಿ ಹಲವು ದಿನ ಸೇವಿಸಿದರೆ, ವಾರ್ಫರಿನ್ನಿನ ಪ್ರಭಾವವನ್ನು ಹೆಚ್ಚಿಸಬಲ್ಲುದು.

ಈ ಔಷಧಗಳು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಂದ ಹುಟ್ಟಿದವು. ಅವು ಸಂಧಿಸುವುದು ರೋಗಿಯ ದೇಹದಲ್ಲಿ. ವೈದ್ಯರು ಕೆಲವೊಮ್ಮೆ ವಾರ್ಫರಿನ್ ಮತ್ತು ಆಸ್ಪಿರಿನ್ನುಗಳೆರಡನ್ನೂ ತಿಳಿದೇ ಕೊಡುವುದುಂಟು. ಆದುದರಿಂದ ವಿಧಿಸಿದ ಔಷಧವನ್ನು ತಾನಾಗಿ ನಿಲ್ಲಿಸುವುದೂ ತರವಲ್ಲ. ತಾನಾಗಿ ಕೊಂಡ ಗುಳಿಗೆಯ ಹೆಸರನ್ನೂ ವೈದ್ಯರಿಗೆ ತಿಳಿಸುವುದು ಮತ್ತು ಮಲವು ಕಪ್ಪಾಗಿ ಕಂಡರೆ ತಡಮಾಡದೆ ಅವರಲ್ಲಿಗೆ ಹೋಗುವುದು, ಇವೆರಡನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.